ಮೂವತ್ತೆರಡನೆಯ ಚೀಟಿ

ಮಾರ್ಚ್ 3

ಎದೆರೋಗದ ಆಸ್ಪತ್ರೆಯ ಏಳನೆಯ ವಾರ್ಡಿನ ಸಾರ್ವಭೌಮೆಯೂ, ಥರ್ಮಾಮೀಟರಿನ ಆಜನ್ಮ ವೈರಿಯೂ, ಸಕಲ ನರ್ಸಮ್ಮಂದಿರ ನಿದ್ರಾಭಂಗಕಾರಿಣಿಯೂ, ಒಬ್ಬನೇ ತಮ್ಮನಿಗೆ ಒಬ್ಬಳೇ ಅಕ್ಕನೂ ಆದ ಶ್ರೀಮದಕ್ಕಯ್ಯನವರ ದಿವ್ಯ ಸನ್ನಿಧಾನಕ್ಕೆ,

ಹುಲ್ಲು ಗೋದಾಮಿನ ಚೀಟಿ ಬರಹಗಾರನೂ, ಹನ್ನೆರಡು ಸಾವಿರ ಪೆಂಡಿಗಳ ಪ್ರಧಾನ ಕಾರ್ಯದರ್ಶಿಯೂ ಆದ ತಮ್ಮನು ಸಾಷ್ಟಾಂಗವೆರಗಿ, ಮೂಗಿಗೆ ಧೂಳು ಹೋದದ್ದರಿಂದ ಅರ್ಧಕ್ಕೇ ಎದ್ದು, ಬಿನ್ನವಿಸಿಕೊಳ್ಳುವುದೇನೆಂದರೆ:

ಇಲ್ಲಿ ಗಾಳಿ. ನಾಲ್ಕು ತಿಂಗಳಿಂದ ಹನಿ ಮಳೆ ಇಲ್ಲ. ಬಯಲಿನ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ ನಿಂತಿದೆ. ಮುಟ್ಟಿದರೆ ಕಾಗದ ಹರಿದಂತೆ ಸದ್ದು. ಪಡುವಣ ಗಾಳಿ ಮೂರು ದಿನದಿಂದ ಮಣ್ಣನ್ನೆಲ್ಲ ಎತ್ತಿ ನಮ್ಮ ಮನೆಗೇ ವಿಳಾಸ ಬರೆದು ಕಳಿಸುತ್ತಿದೆ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೇನೆ. ಆದರೂ ತಟ್ಟೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮೊನ್ನೆ ಹನ್ನೆರಡು ಗಂಟೆಗೆ ಎಷ್ಟು ಕತ್ತಲಾಯಿತೆಂದರೆ ಮೇಸ್ತ್ರಿಗಳ ಕೋಳಿಗಳು ಗೂಡು ಸೇರಿ ಮಲಗಿಬಿಟ್ಟವು. ಒಂದೂವರೆಗೆ ಬೆಳಕಾದಾಗ ಹುಂಜ ಎದ್ದು ಕೂಗಿ, ತನ್ನ ಲೆಕ್ಕವೇ ತಪ್ಪಿತೆಂದು ನಾಚಿ ಸುಮ್ಮನಾಯಿತು.

ಈ ಗಾಳಿಯಲ್ಲಿ ಮೈಗೆಲ್ಲ ಕರೆಂಟು ಹತ್ತುತ್ತದೆ ಅಕ್ಕ. ಚಿಲಕ ಮುಟ್ಟಿದರೆ ಚಟ್ ಅನ್ನುತ್ತದೆ. ನಾನು ಉಣ್ಣೆ ಕಂಬಳಿಗೆ ಚೆನ್ನಾಗಿ ಮೈ ಉಜ್ಜಿಕೊಂಡು ಹೋಗಿ ಮೇಸ್ತ್ರಿಗಳಿಗೆ ಭಕ್ತಿಯಿಂದ ಕೈಕುಲುಕಿದೆ. ಅವರು ಹಾರಿದ ಎತ್ತರವನ್ನು ಗೋದಾಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ.

ಇನ್ನು ನಿನ್ನ ಮಗಳು ಪಿಟೀಲು. (ಅಳುವಾಗಿನ ರಾಗಕ್ಕೆ ಇಟ್ಟ ಹೆಸರು. ಊರೆಲ್ಲ ಹಾಗೇ ಕರೆಯುತ್ತದೆ, ಬೈಯಬೇಡ.) ದಿನಾ ನನ್ನ ಜೊತೆ ಗೋದಾಮಿಗೆ ಬರುತ್ತಾಳೆ. ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಿದೆ. ಹದಿನೇಳು ಕಿಲೋ, ಅದರಲ್ಲಿ ಬಾಯಿಯೇ ಹತ್ತು. ಕಾಟಾದ ಮುಳ್ಳು ಯಾಕೆ ಅಲ್ಲಾಡೋದು, ಗಾಳಿಗೆ ಮನೆ ಎಲ್ಲಿ, ಅಮ್ಮನ ಎದೆಯೊಳಗೆ ಹುಳ ಇದ್ದರೆ ಅದು ಏನು ತಿನ್ನುತ್ತದೆ, ಹೀಗೆ ಗಂಟೆಗೆ ಅರವತ್ತು ಪ್ರಶ್ನೆ. ನಾನು ಉತ್ತರ ಹೇಳಿ ಹೇಳಿ ವಿದ್ವಾಂಸನಾಗುತ್ತಿದ್ದೇನೆ. ನೀನು ಬೇಗ ವಾಸಿಯಾಗಿ ಬಂದು ನನ್ನನ್ನು ಮತ್ತೆ ಮೂರ್ಖನನ್ನಾಗಿ ಮಾಡು.

ಇಂತು ತಮ್ಮ ಪಾದಧೂಳಿ (ಇಲ್ಲಿ ಅದಕ್ಕೇನೂ ಬರವಿಲ್ಲ),
ತಮ್ಮ


ಮಾರ್ಚ್ 8

ಲೇ ತರ್ಲೆ,

ನಿನ್ನ ಕಾಗದವನ್ನು ಇಡೀ ವಾರ್ಡಿಗೆ ಓದಿ ಹೇಳಿದೆ. ಪಕ್ಕದ ಹಾಸಿಗೆಯ ಟೈಲರಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ದೊಡ್ಡ ನರ್ಸಮ್ಮ ಬಂದು, ಇನ್ನು ಮುಂದೆ ನಿನ್ನ ಕಾಗದ ಬಂದರೆ ಡಾಕ್ಟರಿಗೆ ತೋರಿಸಿಯೇ ಕೊಡಬೇಕಾಗುತ್ತದೆ ಎಂದು ಗದರಿ ಹೋದರು.

ಕೋಳಿ ಹಗಲಲ್ಲಿ ಮಲಗಿದ ಕಥೆ ಚೆನ್ನಾಗಿದೆ. ಇಲ್ಲಿ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಎಲೆಯೂ ಅಲ್ಲಾಡುವುದಿಲ್ಲ. ನೀನು ಹುಟ್ಟಿದಾಗಿನಿಂದ ಒಂದಕ್ಕೆ ಹತ್ತು ಸೇರಿಸಿಯೇ ಹೇಳುವವನು. ಗಾಳಿ ಬಗ್ಗೆ ಏನು ಬೇಕಾದರೂ ಬರೆ. ಆದರೆ ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ, ನನ್ನ ಮಗಳ ವಿಷಯದಲ್ಲಿ. ನಿನ್ನ ಭಾವ ತೀರಿಕೊಂಡ ಮೇಲೆ ನನಗೆ ಉಳಿದಿರುವುದು ನೀವಿಬ್ಬರೇ. ಅವಳಿಗೆ ಧೂಳಿಗೆ ಉಬ್ಬಸ ಬಂದರೆ ಬಿಸಿನೀರಿನ ಆವಿ ಕೊಡು. ಕಿವಿಗೆ ಹತ್ತಿ ಇಡು.

ನಾನು ಎರಡು ಕಿಲೋ ತೂಕ ಏರಿದ್ದೇನೆ. ಇನ್ನೆರಡು ತಿಂಗಳು, ಅಷ್ಟೇ.

ಅಕ್ಕ


ಮಾರ್ಚ್ 14

ಅಕ್ಕಾ,

ಇಲ್ಲಿ ಬೆಂಕಿ ಬಿದ್ದಿತ್ತು. ನಾವಿಬ್ಬರೂ ಕ್ಷೇಮವಾಗಿದ್ದೇವೆ. ಹನ್ನೆರಡನೆಯ ತಾರೀಕು ಮಧ್ಯಾಹ್ನ ಗಾಳಿಗೆ ಕರೆಂಟಿನ ಕಂಬ ಮುರಿದು ತಂತಿ ಹುಲ್ಲಿನ ಮೇಲೆ ಬಿತ್ತು. ಮಕ್ಕಳನ್ನೆಲ್ಲ ಮೊದಲ ಲಾರಿಯಲ್ಲಿ ಸುರಕ್ಷಿತವಾಗಿ ಕಳಿಸಿದೆವು. ಮಗು ಚೆನ್ನಾಗಿದೆ. ಗೋದಾಮು ಮತ್ತು ಮನೆ ಹೋದವು. ಈಗ ಪಟ್ಟಣದ ಪರಿಹಾರ ಕಚೇರಿಯಲ್ಲಿದ್ದೇನೆ, ಆ ವಿಳಾಸಕ್ಕೆ ಬರೆ. ನೀನು ಚಿಂತೆ ಮಾಡಬೇಡ. ಔಷಧಿ ಸರಿಯಾಗಿ ತೆಗೆದುಕೋ.

ಇಂತಿ,
ನಿನ್ನ ಪ್ರೀತಿಯ ತಮ್ಮ


ಮಾರ್ಚ್ 18

ತಮ್ಮಾ,

ನಿನ್ನ ಕಾಗದವನ್ನು ಒಂಬತ್ತು ಸಲ ಓದಿದೆ. ಒಂದೇ ಒಂದು ತಮಾಷೆ ಇಲ್ಲ. ಅಪ್ಪ ತೀರಿಕೊಂಡ ದಿನ ಕೂಡ ನೀನು ಬಂದವರ ಚಪ್ಪಲಿಗಳನ್ನೆಲ್ಲ ಜೋಡಿ ತಪ್ಪಿಸಿ ಇಟ್ಟವನು. "ಇಂತಿ ನಿನ್ನ ಪ್ರೀತಿಯ" ಎಂದು ನೀನು ಯಾವತ್ತಾದರೂ ಬರೆದಿದ್ದೀಯಾ?

ಮೂರು ದಿನದಿಂದ ವಾರ್ಡಿಗೆ ಬರುವ ಪೇಪರಿನಲ್ಲಿ ಒಂದು ಚೌಕ ಕತ್ತರಿಸಿರುತ್ತಿತ್ತು. ಕೇಳಿದರೆ ನರ್ಸಮ್ಮ ಸೀರೆ ಜಾಹೀರಾತು ಅಂದರು. ಇವತ್ತು ಟೈಲರಮ್ಮ ಕಚೇರಿ ಕೋಣೆಯಿಂದ ಪೂರ್ತಿ ಪೇಪರು ಕದ್ದು ತಂದಳು. ಹಗಲಲ್ಲೇ ಕತ್ತಲು ಎಂದು ಅದರಲ್ಲೂ ಬರೆದಿದ್ದಾರೆ. ಕೋಳಿಗಳ ವಿಷಯ ನಿಜ ಹೇಳಿದ್ದೆಯಲ್ಲ, ನಾನು ನಕ್ಕುಬಿಟ್ಟೆ.

ಈಗ ಸರಿಯಾಗಿ ಉತ್ತರ ಕೊಡು. ಅವಳು ಯಾವ ಊರಲ್ಲಿದ್ದಾಳೆ? ಯಾರ ಜೊತೆ? ಲಾರಿಯಲ್ಲಿ ಅವಳ ಜೊತೆ ನೀನು ಯಾಕೆ ಹೋಗಲಿಲ್ಲ? ಅವಳ ಕೈಯಲ್ಲೇ ನಾಲ್ಕು ಸಾಲು ಬರೆಸಿ ಕಳಿಸು. ಅವಳಿಗೆ ಅಕ್ಷರ ಬರುತ್ತದೆ, ನಾನೇ ಕಲಿಸಿದ್ದೇನೆ.

ಅಕ್ಕ


ಮಾರ್ಚ್ 21

ಸಂಶಯ ಸಾಮ್ರಾಜ್ಯದ ಪಟ್ಟದರಸಿಯೂ, ಪತ್ರಿಕಾ ಚೌರ್ಯ ಪ್ರೇರಕಿಯೂ ಆದ ಅಕ್ಕಯ್ಯನವರಿಗೆ,

ಒಂದು ಕಾಗದ ಗಂಭೀರವಾಗಿ ಬರೆದದ್ದಕ್ಕೆ ಇಷ್ಟು ದೊಡ್ಡ ವಿಚಾರಣೆಯೇ? ಮನೆ ಕಳೆದುಕೊಂಡವನು ಒಂದು ದಿನ ಗಂಭೀರನಾಗುವುದಕ್ಕೂ ಅಪ್ಪಣೆ ಬೇಕೇ?

ನಾನು ಯಾಕೆ ಹೋಗಲಿಲ್ಲ ಎಂದರೆ, ತಮ್ಮ ಸಹೋದರನು ವೀರಾವೇಶದಲ್ಲಿದ್ದನು. ಬೆಂಕಿ ಬಂದದ್ದು ಹೇಗೆ ಗೊತ್ತೇ? ನಡೆದು ಬರಲಿಲ್ಲ, ಲಾರಿಗಿಂತ ಜೋರಾಗಿ ಬಂತು. ಮೊದಲು ಧೂಳಿನ ಗೋಡೆ, ಅದರೊಳಗೆ ಕೆಂಪು. ಒಣ ಪೊದೆಗಳು ಹೊತ್ತಿಕೊಂಡು ಚೆಂಡಿನ ಹಾಗೆ ಉರುಳಿಕೊಂಡು ಬಂದವು. ನಾನು, ಮೇಸ್ತ್ರಿ, ಹಮಾಲರು ಹತ್ತು ಮಂದಿ ಸನಿಕೆ ಹಿಡಿದು ಗೋದಾಮಿನ ಸುತ್ತ ಹುಲ್ಲು ಕೆರೆದು ಬರಿ ಮಣ್ಣು ಮಾಡಿದೆವು. ಉರಿಯುವ ಪೆಂಡಿಯೊಂದು ನನ್ನ ತಲೆಯ ಮೇಲಿಂದ ಹಾರಿಹೋಯಿತು. ಮೇಸ್ತ್ರಿಗಳ ಮೀಸೆಯ ಬಲಭಾಗ ಸುಟ್ಟು ಅವರೀಗ ಅರ್ಧ ಗಂಭೀರವಾಗಿ ಕಾಣುತ್ತಾರೆ.

ಪಿಟೀಲು ಇಲ್ಲೇ ಒಂದು ಶಾಲೆಯ ಕಟ್ಟಡದಲ್ಲಿ ನೂರಾರು ಮಕ್ಕಳ ಜೊತೆ ಸುಖವಾಗಿದ್ದಾಳೆ. ಎಲ್ಲರ ಮೇಲೂ ದರ್ಬಾರು ನಡೆಸುತ್ತಿದ್ದಾಳೆ. ಅವಳ ಸ್ವಹಸ್ತದ ಕಾಗದ ಇದರ ಜೊತೆಗಿದೆ. ಕೆಳಗಿರುವ ಚಿತ್ರ ಲಾರಿಯೋ ಎಮ್ಮೆಯೋ ನನಗೂ ತಿಳಿಯಲಿಲ್ಲ.

ಪರಮವೀರ,
ತಮ್ಮ

(ಜೊತೆಗೆ: ಗೆರೆ ಹಾಕಿದ ಹಾಳೆಯಲ್ಲಿ, ದೊಡ್ಡ ವಕ್ರ ಅಕ್ಷರಗಳಲ್ಲಿ)
ಅಮ್ಮ ನಾನು ಚೆನ್ನಾಗಿ ಇದೀನಿ. ಮಾಮ ಚೆನ್ನಾಗಿ ನೋಡ್ಕೋತಾನೆ. ಬೇಗ ಬಾ.


ಮಾರ್ಚ್ 25

ಆ ಹಾಳೆಯನ್ನು ನೀನು ಬರೆದಿದ್ದೀಯ.

ಅವಳು ಎಡಗೈಯಲ್ಲಿ ಬರೆಯುವವಳು. ಬರೆದುಕೊಂಡು ಹೋದ ಹಾಗೆ ಅವಳ ಅಂಗೈ ಹಿಂದಿನ ಅಕ್ಷರವನ್ನೆಲ್ಲ ಒರೆಸಿಕೊಂಡು ಬರುತ್ತದೆ. ಅವಳು ಬರೆದ ಹಾಳೆ ಯಾವಾಗಲೂ ಹೊಗೆ ಕುಡಿದ ಹಾಗೆ ಇರುತ್ತದೆ. ನೀನು ಅಕ್ಷರ ವಕ್ರ ಮಾಡಿದೆ, ಆದರೆ ಹಾಳೆ ತೊಳೆದ ಹಾಗಿದೆ. ನಾಲ್ಕು ತಿಂಗಳು ಅವಳ ಜೊತೆ ಇದ್ದೂ ಅವಳು ಯಾವ ಕೈಯಲ್ಲಿ ಬರೆಯುತ್ತಾಳೆ ಎಂದು ನೋಡಲಿಲ್ಲವಲ್ಲೋ.

ನನ್ನ ಮಗಳು ಎಲ್ಲಿ?

ನಾನೂ ಸುಳ್ಳು ಹೇಳಿದ್ದೇನೆ. ತೂಕ ಏರಿಲ್ಲ, ನಾಲ್ಕು ಕಿಲೋ ಇಳಿದಿದೆ. ಈ ತಿಂಗಳು ಎರಡು ಸಲ ಕೆಮ್ಮಿನಲ್ಲಿ ರಕ್ತ ಬಿತ್ತು. ಡಾಕ್ಟರು ಹಾಸಿಗೆಯಿಂದ ಏಳಬೇಡ ಅಂದಿದ್ದಾರೆ. ನಾನು ನಿಜ ಹೇಳಿದ್ದಾಯಿತು. ಈಗ ನೀನು ಹೇಳು. ಸತ್ತಿದ್ದರೆ ಸತ್ತಿದ್ದಾಳೆ ಎಂದು ಬರೆ. ಗೊತ್ತಿಲ್ಲದೆ ಇರುವುದಕ್ಕಿಂತ ಅದು ವಾಸಿ.


ಮಾರ್ಚ್ 28

ಅಕ್ಕಾ,

ಗೊತ್ತಿಲ್ಲ. ಅವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಹದಿನಾರು ದಿನವಾಯಿತು.

ಎಲ್ಲ ಹೇಳುತ್ತೇನೆ, ಬೈಯುವುದನ್ನು ಕಡೆಗಿಟ್ಟುಕೊಂಡು ಓದು.

ಆವತ್ತು ಬೆಂಕಿ ಗುಡ್ಡದಾಚೆ ಕಂಡಾಗ ಮೇಸ್ತ್ರಿಗಳು ಗೋದಾಮಿನ ಮಂದಿಯ ಮಕ್ಕಳನ್ನೆಲ್ಲ ಮೊದಲು ಕಳಿಸೋಣ ಅಂದರು. ದಾರಿಯಲ್ಲಿ ಯಾವ ಮಗು ಯಾರದೋ ಎಂದು ಗೊಂದಲವಾಗಬಾರದು. ಪೆಂಡಿಗೆ ತೂಕ, ದರ್ಜೆ, ಹೋಗಬೇಕಾದ ಊರು ಬರೆದು ಕಟ್ಟುತ್ತೇವಲ್ಲ, ಆ ರಟ್ಟಿನ ಚೀಟಿಯನ್ನೇ ಮಕ್ಕಳ ಕೊರಳಿಗೆ ಕಟ್ಟು ಎಂದು ನನಗೆ ಹೇಳಿದರು. ನನ್ನ ಕೈಬರಹ ಚೆನ್ನಾಗಿದೆಯಲ್ಲ. ಕಣ್ಣಿಗೆ ಮಣ್ಣು ಬೀಳುತ್ತಿತ್ತು. ಮೂವತ್ತೊಂದು ಮಕ್ಕಳಿಗೆ ಹೆಸರು, ಅಪ್ಪ ಅಮ್ಮನ ಹೆಸರು, ಊರು, ಒಂದಕ್ಷರ ತಪ್ಪಿಲ್ಲದೆ ಬರೆದು ಕಟ್ಟಿದೆ. ಮೂವತ್ತೊಂದೂ ಅವರವರ ಮನೆಯವರಿಗೆ ಸಿಕ್ಕಿವೆ.

ಮೂವತ್ತೆರಡನೆಯವಳು ನಮ್ಮವಳು. ಲಾರಿ ಹತ್ತುವುದಿಲ್ಲ ಎಂದು ನನ್ನ ಕಾಲು ಹಿಡಿದುಕೊಂಡು ರಾಗ ತೆಗೆದಿದ್ದಳು. ನಗಿಸೋಣ ಅಂದುಕೊಂಡೆ ಅಕ್ಕ. "ಸಮಸ್ತ ಬಯಲಿನ ಮಹಾರಾಣಿಯವರು. ಸವಾರಿ ಹೊರಟಿದ್ದಾರೆ. ದಾರಿ ಬಿಡಿ" ಎಂದು ಬರೆದು ಕಟ್ಟಿದೆ. ಓದಿ ಹೇಳಿದೆ. ಅಳು ನಿಲ್ಲಿಸಿ, ಗದ್ದ ಮೇಲೆತ್ತಿ, ಹತ್ತಿ ಕೂತಳು. ಹೆಸರು ಬರೆಯಲಿಲ್ಲ. ನಿನ್ನ ಹೆಸರೂ ಬರೆಯಲಿಲ್ಲ. ಬರೆಯಬೇಕು ಅನ್ನಿಸಲೂ ಇಲ್ಲ, ಸಂಜೆಗೆ ನಾನೇ ಅಲ್ಲಿರುತ್ತೇನಲ್ಲ ಅಂದುಕೊಂಡೆ.

ಲಾರಿ ಕೂಡುರಸ್ತೆ ಮುಟ್ಟುವಷ್ಟರಲ್ಲಿ ಮುಂದಿನ ದಾರಿಯೂ ಹೊತ್ತಿಕೊಂಡಿತ್ತು. ಮಕ್ಕಳನ್ನು ಇಳಿಸಿ ಸಿಕ್ಕ ಸಿಕ್ಕ ಬಸ್ಸು ವ್ಯಾನುಗಳಿಗೆ ಹತ್ತಿಸಿದ್ದಾರೆ. ಲಾರಿ ಡ್ರೈವರು ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಕೇಳಿದರೆ, ರಾಣಿ ಚೀಟಿಯ ಮಗುವನ್ನು ಹಸಿರು ವ್ಯಾನಿಗೆ ಹತ್ತಿಸಿದ್ದು ನೆನಪು, ವ್ಯಾನು ಯಾರದೋ ಗೊತ್ತಿಲ್ಲ ಅನ್ನುತ್ತಾನೆ.

ಐದು ಶಿಬಿರ ಸುತ್ತಿದ್ದೇನೆ. ನಡೆದು, ಟ್ರ್ಯಾಕ್ಟರು ಹತ್ತಿ, ಹಾಲಿನ ವ್ಯಾನು ಹತ್ತಿ. ಬಯಲೆಲ್ಲ ಕರಿ. ಬೇಲಿಕಂಬಗಳು ಇನ್ನೂ ಒಳಗೊಳಗೇ ಹೊಗೆಯಾಡುತ್ತಿವೆ. ಎಲ್ಲ ಕಡೆಯೂ ಒಂದು ಮೇಜು, ಒಂದು ಪಟ್ಟಿ, ಒಬ್ಬ ಗುಮಾಸ್ತ. ಹೆಸರು ಏನು ಎಂದು ಕೇಳುತ್ತಾರೆ, ಬೆರಳಿಟ್ಟು ಹುಡುಕುತ್ತಾರೆ, ಇಲ್ಲ ಅನ್ನುತ್ತಾರೆ. ಮಹಾರಾಣಿ ಎಂದು ಯಾರಾದರೂ ಇದ್ದಾರಾ ಎಂದು ಕೇಳಿದೆ. ಎರಡನೆಯ ಶಿಬಿರದವನು ನನ್ನನ್ನು ಹುಚ್ಚ ಅಂದುಕೊಂಡು ನೀರು ಕೊಟ್ಟು ಕೂರಿಸಿದ. ಮೂರನೆಯದರಲ್ಲಿ ಹೆಸರಿಲ್ಲದ ಮಗು ಎಂದರೆ ಇದ್ದದ್ದು ಒಂದೇ, "ಹೆಣ್ಣು, ಸುಮಾರು ನಾಲ್ಕು ವರ್ಷ, ಮೂಗಿ." ನೋಡ್ತೀರಾ ಎಂದು ಗುಮಾಸ್ತ ಕೇಳಿದ. ನಮ್ಮವಳು ಮೂಗಿಯಾಗಿದ್ದಿದ್ದರೆ ನನ್ನ ಕಿವಿ ಎಷ್ಟೋ ತಂಪಾಗಿರುತ್ತಿತ್ತು ಸ್ವಾಮಿ, ಅಂದೆ. ನಾಲ್ಕನೆಯ ಶಿಬಿರಕ್ಕೆ ಹೋಗುವ ವ್ಯಾನು ಹಾರನ್ ಹೊಡೆಯುತ್ತಿತ್ತು, ಓಡಿದೆ. ಅಲ್ಲೂ ಇಲ್ಲ.

ಐದನೆಯದರಲ್ಲಿ ಒಂದು ಕೋಣೆಯಲ್ಲಿ ಬಿಳಿ ಬಟ್ಟೆ ಮುಚ್ಚಿ ಇಟ್ಟಿದ್ದಾರೆ. ಒಂದೊಂದನ್ನೇ ಎತ್ತಿ ತೋರಿಸಿದರು. ಹನ್ನೊಂದು. ಅವಳಿರಲಿಲ್ಲ.

ಆ ಹಾಳೆ ಬರೆದದ್ದು ನಾನೇ. ನೀನು ಎದ್ದು ಹೊರಟುಬಿಟ್ಟರೆ ಎಂದು ಹೆದರಿದೆ. ಇನ್ನು ಎಲ್ಲಿ ಹುಡುಕಲಿ ಎಂದು ನನಗೆ ತಿಳಿಯುತ್ತಿಲ್ಲ. ಅಕ್ಕಾ, ನೀನೇ ಏನಾದರೂ ಹೇಳು.


ಮಾರ್ಚ್ 31, ತುರ್ತು ಅಂಚೆ

ಟೈಲರಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. ನಿನ್ನ ಕಾಗದ ಬರುವ ಮೊದಲೇ ಬೆಳಿಗ್ಗೆ ಹಿಂದಿನ ಗೇಟಿನಿಂದ ಹೊರಟಿದ್ದೆ. ಬಸ್ ನಿಲ್ದಾಣದವರೆಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಬಿದ್ದವಳನ್ನು ಯಾರೋ ಎತ್ತಿಕೊಂಡು ಬಂದು ಇಲ್ಲಿ ಹಾಕಿದರು. ಆ ಬೆಂಚಿನಿಂದಾಚೆ ನನ್ನ ಮಗಳ ಹತ್ತಿರಕ್ಕೆ ನನ್ನ ಕೈಲಿ ಹೋಗಲಾಗುವುದಿಲ್ಲ. ನೀನೇ ಹೋಗಬೇಕು. ಈ ಕಾಗದ ಕೈಗೆ ಬಂದ ನಿಮಿಷವೇ ಹೋಗು.

ಮೂರನೆಯ ಶಿಬಿರಕ್ಕೆ ಹೋಗು. ಆ ಮೂಗಿಯನ್ನು ನೋಡು.

ನೆನಪು ಮಾಡಿಕೋ. ಹೋದ ವರ್ಷ ನೀನು ಆಟಕ್ಕೆ ಅವಳಿಗೆ ರಾಜನ ದನಿಯಲ್ಲಿ "ಅಪ್ಪಣೆ, ಕಂಬದ ಹಾಗೆ ನಿಲ್ಲತಕ್ಕದ್ದು" ಎಂದು ಹೇಳಿ, ಮರೆತು, ಸಿನಿಮಾಕ್ಕೆ ಹೋಗಿಬಿಟ್ಟೆ. ಅವಳು ಊಟವಿಲ್ಲದೆ ಸಂಜೆ ಐದರವರೆಗೆ ಮೂಲೆಯಲ್ಲಿ ನಿಂತಿದ್ದಳು. ನಾನು ಎಳೆದರೂ ಬರಲಿಲ್ಲ. ಮಾಮ ಬಂದು ಅಪ್ಪಣೆ ತೆಗೆಯಬೇಕು ಎಂದು ಕಣ್ಣಲ್ಲೇ ಹೇಳಿದಳು. ಆವತ್ತು ನಿನಗೆ ಬಿದ್ದ ಏಟು ನೆನಪಿದೆ ತಾನೇ?

ಲಾರಿ ಹತ್ತಿಸುವಾಗ ಅವಳಿಗೆ ಇನ್ನೇನು ಹೇಳಿದೆ? ಚೀಟಿ ಅಷ್ಟೇ ಅಲ್ಲ, ನೀನು ಇನ್ನೇನೋ ಹೇಳಿರುತ್ತೀಯ. ನಿನ್ನನ್ನು ನಾನು ಬಲ್ಲೆ.


ಏಪ್ರಿಲ್ 4

ಅಕ್ಕಾ,

ಸಿಕ್ಕಿದಳು.

ಇನ್ನೊಂದು ಸಲ ಬರೆಯುತ್ತೇನೆ. ಸಿಕ್ಕಿದಳು. ಈಗ ನನ್ನ ಎಡಗಡೆ ಕೂತು ಈ ಹಾಳೆಯ ತುದಿಯಲ್ಲಿ ಬೆರಳಿಟ್ಟಿದ್ದಾಳೆ. ಆ ಕಲೆ ಅವಳದು, ಒರೆಸಿಲ್ಲ.

ನೀನು ಹೇಳಿದ್ದು ನಿಜ. ಲಾರಿ ಹೊರಡುವ ಮುಂಚೆ ರಾಜನ ದನಿಯಲ್ಲಿ ಹೇಳಿದ್ದೆ: "ಮಹಾರಾಣಿಯರು ಸಿಕ್ಕಸಿಕ್ಕವರ ಜೊತೆ ಮಾತಾಡತಕ್ಕದ್ದಲ್ಲ. ಯಾರಾದರೂ ಹೆಸರು ಕೇಳಿದರೆ ಚೀಟಿ ತೋರಿಸತಕ್ಕದ್ದು. ನಾನು ಬಂದು ಅಪ್ಪಣೆ ತೆಗೆಯುವವರೆಗೂ." ಅವಳು ಮಾತಿನ ಮಲ್ಲಿ, ಹೊಗೆಯಲ್ಲಿ ಬಾಯಿ ತೆರೆದು ಕೆಮ್ಮು ಹತ್ತಿಸಿಕೊಳ್ಳದಿರಲಿ ಎಂದು ಹೇಳಿದೆ. ಆಮೇಲೆ ಮರೆತುಬಿಟ್ಟೆ. ನನ್ನ ಅಪ್ಪಣೆಯನ್ನು ಈ ಲೋಕದಲ್ಲಿ ನಂಬುವವಳು ಒಬ್ಬಳೇ ಇದ್ದಾಳೆ ಎಂಬುದನ್ನೂ ಮರೆತೆ.

ಮೂರನೆಯ ಶಿಬಿರ ಒಂದು ಶಾಲೆ. ಬೆಂಚುಗಳನ್ನು ಗೋಡೆಗೆ ಪೇರಿಸಿ ನೆಲದ ಮೇಲೆ ಚಾಪೆ ಹಾಸಿದ್ದಾರೆ. ಆಯಾ ಒಬ್ಬಳು ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಕೇಳಿದ್ದಕ್ಕೆ ಕಿಟಕಿಯ ಕಡೆ ತೋರಿಸಿದಳು.

"ಆ ಮಗು ಅಳೋದೂ ಇಲ್ಲಪ್ಪ. ಊಟಕ್ಕೆ ಕರೆದ್ರೆ ಬರುತ್ತೆ, ಮಲಗು ಅಂದ್ರೆ ಮಲಗುತ್ತೆ. ಹೆಸರು ಕೇಳಿದ್ರೆ ಎದೆ ಮುಟ್ಟಿ ತೋರಿಸುತ್ತೆ. ನೋಡಿದ್ರೆ ಅಲ್ಲೊಂದು ದಾರ ಬಿಟ್ರೆ ಏನೂ ಇಲ್ಲ."

ಚೀಟಿ ಗಾಳಿಗೆ ಯಾವತ್ತೋ ಕಿತ್ತುಹೋಗಿತ್ತು. ಇಪ್ಪತ್ತೆರಡು ದಿನ ಅವಳು ಬರಿ ದಾರ ತೋರಿಸಿದ್ದಾಳೆ ಅಕ್ಕ.

ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದಳು. ತಲೆಗೂದಲು ಕತ್ತರಿಸಿದ್ದಾರೆ, ಕತ್ತು ಕಡ್ಡಿಯಾಗಿದೆ. ನಾನು ಎದುರು ಹೋಗಿ ನಿಂತೆ. ಓಡಿ ಬರಲಿಲ್ಲ. ನೋಡುತ್ತಾ ಕಾದಳು. ರಾಜನ ದನಿ ತೆಗೆಯಲು ಹೋದೆ, ಬರಲಿಲ್ಲ. ಕೊನೆಗೆ ನನ್ನ ಮಾಮೂಲು ದನಿಯಲ್ಲೇ "ಅಪ್ಪಣೆ ಮುಗೀತು, ಪಿಟೀಲು" ಅಂದೆ.

ಬಾಯಿ ತೆರೆದಳು. ದನಿ ಹೊರಡಲಿಲ್ಲ. ಆಯಾ ನೀರು ತಂದು ಕುಡಿಸಿದಳು. ಇನ್ನೊಂದು ಸಲ ತೆರೆದಳು.

"ಮಾಮ, ಒಂದ್ಸಲ ಕೆಮ್ಮಿಬಿಟ್ಟೆ. ಅದು ಮಾತಾಡಿದ ಲೆಕ್ಕಾನಾ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಜನರೆದುರು ಏನು ಮಾಡಿದೆ ಎಂದು ಬರೆಯುವುದಿಲ್ಲ. ಆಯಾ ನನಗೂ ನೀರು ತಂದಳು ಎಂದಷ್ಟೇ ತಿಳಿದುಕೋ.

ಈಗ ಅವಳ ದನಿ ಬೆಕ್ಕಿನ ಮರಿಯದಷ್ಟು. ಹತ್ತು ಮಾತಾಡಿದರೆ ಸುಸ್ತಾಗುತ್ತಾಳೆ, ಆದರೂ ಬಿಡುವುದಿಲ್ಲ. ಕೆಲವೊಮ್ಮೆ ಮಾತಿನ ಮಧ್ಯೆ ನಿಲ್ಲಿಸಿ, ಮಾತಾಡಬಹುದಾ ಎಂದು ನನ್ನ ಮುಖ ನೋಡುತ್ತಾಳೆ. ಅದನ್ನು ನೋಡುವುದಕ್ಕಿಂತ ನಿನ್ನ ಕೈಯ ಏಟು ಸಾವಿರ ಪಾಲು ಮೇಲು. ಶಿಬಿರದ ಡಾಕ್ಟರು ಎದೆ ಸ್ವಚ್ಛವಾಗಿದೆ ಅಂದಿದ್ದಾರೆ. ಗುರುವಾರದ ರೈಲಿಗೆ ಹೊರಡುತ್ತೇವೆ. ವಾರ್ಡಿನೊಳಗೆ ಬಿಡದಿದ್ದರೆ ಕಿಟಕಿಯ ಹೊರಗೆ ನಿಲ್ಲಿಸುತ್ತೇನೆ. ಅಲ್ಲಿಯವರೆಗೆ ಉಸಿರು ಗಟ್ಟಿಯಾಗಿ ಹಿಡಿದುಕೋ ಅಕ್ಕ. ಬೇಡಿಕೊಳ್ಳುತ್ತೇನೆ.

ನೀನು ಒಂದು ಪ್ರಶ್ನೆ ಕೇಳಿದ್ದೆ, ಲಾರಿಯಲ್ಲಿ ಯಾಕೆ ಹೋಗಲಿಲ್ಲ ಎಂದು. ಅವಳೂ ನಿನ್ನೆ ಅದನ್ನೇ ಕೇಳಿದಳು. ನಿನಗೆ ಬರೆದದ್ದನ್ನೇ ಹೇಳಿದೆ, ಬೆಂಕಿ ಆರಿಸುತ್ತಿದ್ದೆ ಎಂದು. ಕಣ್ಣರಳಿಸಿ ಕೇಳಿ, ನಂಬಿದಳು.

ನೀನು ನಂಬಬೇಡ. ನಾನು ಸನಿಕೆ ಮುಟ್ಟಲಿಲ್ಲ. ಮೇಸ್ತ್ರಿ, ಹಮಾಲರು ಮಣ್ಣು ಕೆರೆಯುವಾಗ ನಾನು ಕಾಟಾದ ಕೆಳಗಿನ ಗುಂಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅದಕ್ಕೂ ಮೊದಲು ಲಾರಿಯಲ್ಲಿ ಜಾಗವಿತ್ತು. ಮಕ್ಕಳ ಜೊತೆ ಒಬ್ಬರಾದರೂ ದೊಡ್ಡವರು ಇರಲಿ, ಹತ್ತು ಎಂದು ಡ್ರೈವರು ಎರಡು ಸಲ ಕರೆದ. ಹತ್ತಿದ್ದೆ ಕೂಡ. ಒಂದು ನಿಮಿಷ ಎಂದು ಇಳಿದು ಮನೆಗೆ ಓಡಿದೆ. ಭಾನುವಾರಕ್ಕೆ ಹಾಕಿಕೊಳ್ಳೋಣವೆಂದು ಹಾಸಿಗೆಯ ಕೆಳಗೆ ಮಡಿಸಿಟ್ಟಿದ್ದ ಹೊಸ ಪ್ಯಾಂಟು ತರಲು. ತಿರುಗಿ ಬರುವಷ್ಟರಲ್ಲಿ ಲಾರಿ ಧೂಳಿನೊಳಗೆ ಹೋಗಿತ್ತು.

ಪ್ಯಾಂಟು ನನ್ನ ಚೀಲದಲ್ಲೇ ಇದೆ. ಇನ್ನೂ ಹಾಕಿಕೊಂಡಿಲ್ಲ.

ತಮ್ಮ